ಬೈಯಲು ಸಿಗುವ ಅಭ್ಯರ್ಥಿ

೧೯೮೭ನೆಯ ಇಸವಿ ಜನವರಿ ಹದಿನಾಲ್ಕು, ಬುಧವಾರ, ಮಕರ ಸಂಕ್ರಾಂತಿ. ಆಧಾರ: ಕ್ಷಯ ಸಂವತ್ಸರದ ಪಂಚಾಂಗ, ನನ್ನ ಕಪಾಟಿನ ಕೆಳಸಾಲಿನಲ್ಲಿರುವ ಪ್ರತಿ. ಪಂಚಾಂಗವನ್ನು ನಂಬದವರಿಗಾಗಿ ಇಂಗ್ಲಿಷ್ ಕ್ಯಾಲೆಂಡರಿನ ಲೆಕ್ಕವನ್ನೂ ಹಿಂದಕ್ಕೆ ಎಣಿಸಿ ನೋಡಿದ್ದೇನೆ, ಬುಧವಾರವೇ ಬರುತ್ತದೆ. ಒಂದು ಹಬ್ಬದ ದಿನಕ್ಕೆ ಇಷ್ಟು ಎಚ್ಚರಿಕೆ ಏಕೆಂದು ನೀವು ಕೇಳಬಹುದು. ನೆನಪಿನ ಮೇಲೆ ಬರೆಯುವವನಿಗೆ ಗಟ್ಟಿಯಾದ ಒಂದು ಗೂಟವಾದರೂ ಬೇಕು. ಅದನ್ನು ಮೊದಲೇ ನೆಟ್ಟುಬಿಟ್ಟರೆ ಮಿಕ್ಕದ್ದು ಎಷ್ಟು ದೂರ ಮೇಯಲು ಹೋದರೂ ಹಗ್ಗ ಹಿಡಿದೆಳೆಯಬಹುದು.

ಈ ಗೂಟ ನೆಡಬೇಕಾದ ಪ್ರಸಂಗ ಬಂದದ್ದು ಕಳೆದ ವಾರ. ಹಳೆಯ ದಿನಪತ್ರಿಕೆಗಳ ಹೊರೆಯೊಂದನ್ನು ಆಟೋದಲ್ಲಿ ಹೇರಿಕೊಂಡು ನಮ್ಮ ತುಮಕೂರಿನ ಶಿರಾ ಗೇಟಿನ ಗುಜರಿ ಅಂಗಡಿಗೆ ಹೋಗಿದ್ದೆ. ನಿವೃತ್ತ ಸಂಶೋಧಕನ ಮನೆಯಲ್ಲಿ ಕಾಗದ ಬೆಳೆಯುವುದು ಸಹಜ. ಅದನ್ನು ಕಡಿಮೆ ಮಾಡೆಂದು ಮನೆಯವರು ಹೇಳುವುದೂ ಸಹಜ. ಅಂಗಡಿಯವನು ತಕ್ಕಡಿ ಸರಿಮಾಡಿಕೊಳ್ಳುತ್ತಿದ್ದಾಗ, ಮುರಿದ ಸೈಕಲ್ಲುಗಳ ಹಿಂದೆ ಗೋಡೆಗೆ ಒರಗಿಸಿದ್ದ ತಗಡಿನ ಹಲಗೆಯೊಂದು ಕಣ್ಣಿಗೆ ಬಿತ್ತು. ಒದ್ದೆ ತುಕ್ಕಿನ ವಾಸನೆ. ಮೇಲಿನ ಸಾಲಿನಲ್ಲಿ ಊರಿನ ಹೆಸರು ಇದ್ದಿರಬೇಕು. ಅದರ ಬಾಲದ ‘ನಹಳ್ಳಿ’ ಮಾತ್ರ ಉಳಿದಿತ್ತು. ಆ ಬಾಲ ನಮ್ಮ ಸೀಮೆಯ ಅರ್ಧದಷ್ಟು ಊರುಗಳಿಗೆ ಒಪ್ಪುತ್ತದೆ. ಕೆಳಗೆ, ನಾಟಕದ ಪರದೆ ಬರೆದು ಪಳಗಿದ ಕೈಯ ದುಂಡು ಅಕ್ಷರಗಳಲ್ಲಿ, ಪ್ರತಿ ಅಕ್ಷರಕ್ಕೂ ನೆರಳು ಕೊಟ್ಟು, ‘ಕೋರಿಕೆ ನಿಲುಗಡೆ’ ಎಂದಿತ್ತು. ಅದರ ಕೆಳಗೆ ಬೇರೆ ಯಾರದೋ ಕೈ, ಕೆಂಪು ಬಣ್ಣ, ಸೊಟ್ಟ ಸಾಲು: ‘ಕೊಡುಗೆ: ಮಿಲ್ ನಿಂಗಣ್ಣ’.

ಊರಿನ ಹೆಸರು ಇನ್ನು ಬೇಕಾಗಿರಲಿಲ್ಲ.

“ಇದನ್ನು ನನಗೆ ಕೊಟ್ಟುಬಿಡಪ್ಪ, ಪೇಪರಿನ ಲೆಕ್ಕಕ್ಕೆ ಲೆಕ್ಕ” ಎಂದೆ.

ಅವನು ನನ್ನನ್ನೂ ಹಲಗೆಯನ್ನೂ ನೋಡಿದ. “ಪೇಪರ್ ಹಾಕೋಕ್ ಬಂದು ತಗಡು ತಗೊಂಡೋಗ್ತೀರಲ್ಲ ಸಾರ್, ಮನೇಲಿ ಬೈಯಲ್ವಾ?”

“ಬೈತಾರೆ” ಎಂದೆ. ಆಟೋದವನು ಹಲಗೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ನನ್ನನ್ನು ಅದರ ಪಕ್ಕಕ್ಕೆ ಒತ್ತರಿಸಿದ.

ಕೋರಿಕೆ ನಿಲುಗಡೆ ಎಂದರೆ, ಇಂದಿನ ಓದುಗರಿಗಾಗಿ ಹೇಳುವುದಾದರೆ, ಬಸ್ಸು ತಾನಾಗಿ ನಿಲ್ಲದ ಜಾಗ. ಇಳಿಯುವವರು ಕಂಡಕ್ಟರಿಗೆ ಹೇಳಬೇಕು, ಹತ್ತುವವರು ರಸ್ತೆಯ ಅಂಚಿನಲ್ಲಿ ನಿಂತು ಕೈ ತೋರಿಸಬೇಕು. ಎರಡೂ ಇಲ್ಲದಿದ್ದರೆ ಬಸ್ಸು ಧೂಳೆಬ್ಬಿಸಿಕೊಂಡು ಹೋಗುತ್ತದೆ. ಅದು ಬಸ್ಸಿನ ತಪ್ಪಲ್ಲ.

ಹಲಗೆಯಲ್ಲಿ ಅಳಿಸಿಹೋದ ಊರು ನನ್ನ ದೊಡ್ಡಮ್ಮನದು. ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ, ನಂಜಮ್ಮ. ಊರು ಕುಣಿಗಲ್ಲಿನಿಂದ ಅಮೃತೂರಿಗೆ ಹೋಗುವ ದಾರಿಯಲ್ಲಿದೆ. ಅದರ ಹೆಸರನ್ನು ತುಕ್ಕು ತೆಗೆದುಕೊಂಡಿರುವುದರಿಂದ ನಾನೂ ಹೇಳಹೋಗುವುದಿಲ್ಲ. ಎಪ್ಪತ್ತರ ದಶಕದಲ್ಲಿ ನಾನು ಹಳೆಯ ಶಾಸನಗಳ ಪ್ರತಿ ತೆಗೆಯುವ ಕೆಲಸದಲ್ಲಿದ್ದೆ. ಕುಣಿಗಲ್ ಸೀಮೆಯಲ್ಲಿ ಎಲ್ಲಿ ಕಲ್ಲು ಸಿಕ್ಕಿತೆಂದು ಸುದ್ದಿ ಬಂದರೂ ಮಧ್ಯಾಹ್ನದ ಊಟ ದೊಡ್ಡಮ್ಮನ ಮನೆಯಲ್ಲಿ. ಕೆಲವು ಕಲ್ಲುಗಳನ್ನು ನಾನು ಎರಡೆರಡು ಸಲ ಓದಿದ್ದರ ಕಾರಣ ಆಕೆಯ ಅವರೆಕಾಳಿನ ಹುಳಿ ಎಂದು ಸಹೋದ್ಯೋಗಿಗಳು ಹೇಳುತ್ತಿದ್ದರು. ಆರೋಪ ಭಾಗಶಃ ಸರಿ.

“ಕಲ್ ಓದೋಕೂ ಸಂಬ್ಳ ಕೊಡ್ತಾರೇನೋ?” ಎಂದು ದೊಡ್ಡಮ್ಮ ಪ್ರತಿ ಸಲವೂ ಕೇಳುತ್ತಿದ್ದರು. ಕೊಡುತ್ತಾರೆಂದರೆ, “ಅದ್ರಲ್ ಏನ್ ಬರ್ದವ್ರೆ?” ಎನ್ನುತ್ತಿದ್ದರು.

ಕೆರೆ ಕಟ್ಟಿಸಿದ್ದು, ಸುಂಕ ಬಿಟ್ಟದ್ದು, ದೇವರಿಗೆ ಗದ್ದೆ ಕೊಟ್ಟದ್ದು ಎಂದು ನಾನು ಪಟ್ಟಿ ಹೇಳುತ್ತಿದ್ದೆ. ಊರಿನವರು ಹೋಗಿ ಕೇಳಿಕೊಂಡರು, ಒಡೆಯರು ಕೊಟ್ಟರು. ಶಾಸನಗಳ ಕಥೆ ಬಹುಮಟ್ಟಿಗೆ ಇಷ್ಟೇ.

“ಕೇಳಿದ್ರೂ ಕೊಡ್ದೆ ಇದ್ದಿದ್ದು ಬರ್ದಿಲ್ವಾ?” ಎಂದು ಒಮ್ಮೆ ಕೇಳಿದರು. ಅಂಥದೊಂದು ಕಲ್ಲು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಕೊಡದಿದ್ದವನು ಕಲ್ಲಿಗೆ ಖರ್ಚು ಮಾಡುವುದಿಲ್ಲವೆಂಬ ವಿಚಾರ ನನಗೆ ಹೊಳೆದದ್ದೂ ಆಗಲೇ. ಮುಂದೆ ಇದನ್ನೇ ತುಸು ಹಿಗ್ಗಿಸಿ ಒಂದು ಉಪನ್ಯಾಸ ಮಾಡಿದೆ.

ಬಸ್ಸಿನ ಜಗಳ ಶುರುವಾದದ್ದು ಆ ದಶಕದ ಕೊನೆಯಲ್ಲಿ. ಕುಣಿಗಲ್ಲಿಗೂ ಅಮೃತೂರಿಗೂ ನಡುವೆ ಓಡುತ್ತಿದ್ದ ಖಾಸಗಿ ಬಸ್ಸು ಊರ ಮುಂದೆ ಒಂದು ಎಮ್ಮೆ ಕರುವಿಗೆ ತಗುಲಿತು. ಕರು ಸತ್ತಿತು. ಊರಿನವರು ಬಸ್ಸಿಗೆ ಅಡ್ಡ ಕೂತರು. ತುಮಕೂರಿನಲ್ಲಿದ್ದ ಮಾಲೀಕ ಬಂದು ಮಾತಾಡುವವರೆಗೆ ಬಿಡುವುದಿಲ್ಲವೆಂದರು. ಇಷ್ಟು ಎಲ್ಲ ಊರಿನಲ್ಲೂ ನಡೆಯುವಂಥದೇ. ಆದರೆ ಹೊತ್ತು ಏರಿದಂತೆ ಇವರಿಗೊಂದು ಇಕ್ಕಟ್ಟು ಎದುರಾಯಿತು. ಬಸ್ಸಿನಲ್ಲಿದ್ದವರು, ಹೇಗೆ ನೋಡಿದರೂ, ಊರಿಗೆ ಬಂದವರು. ಬಂದವರನ್ನು ಹಸಿವಿನಲ್ಲಿ ಕೂರಿಸುವಂತಿಲ್ಲ. ಹೀಗಾಗಿ ಬಸ್ಸನ್ನು ತಡೆದವರ ಮನೆಯ ಹೆಂಗಸರೇ ಕಡಾಯಿ ಇಟ್ಟು ಉಪ್ಪಿಟ್ಟು ಮಾಡಿ, ಪ್ರಯಾಣಿಕರನ್ನು ಅರಳಿಕಟ್ಟೆಯ ಮೇಲೆ ಸಾಲಾಗಿ ಕೂರಿಸಿ ಬಡಿಸಿದರು. ಡ್ರೈವರಿಗೆ ಎರಡನೆಯ ಸಲವೂ ಬಡಿಸಿದವರು ದೊಡ್ಡಮ್ಮ. ಸಂಜೆ ಮಾಲೀಕ ಬಂದು ಇಳಿದಾಗ ಅವನ ಪ್ರಯಾಣಿಕರು ಎಲೆ ಎತ್ತುತ್ತ, ಉಪ್ಪಿಟ್ಟಿಗೆ ಇಂಗು ಹಾಕಿದ್ದು ಒಳ್ಳೆಯದಾಯಿತೆಂದು ಚರ್ಚಿಸುತ್ತಿದ್ದರು. ಕರುವಿನ ವಿಷಯದಲ್ಲಿ ಒಪ್ಪಂದವಾಯಿತು. ಉಪ್ಪಿಟ್ಟಿನ ವಿಷಯದಲ್ಲಿ ಆಗಲಿಲ್ಲ. ತನ್ನ ಜನರೇ ತನ್ನನ್ನು ಬಿಟ್ಟುಕೊಟ್ಟರೆಂದು ಅವನಿಗೆ ಅನಿಸಿರಬೇಕು. “ಇನ್ಮೇಲೆ ನನ್ ಗಾಡಿ ಈ ಊರಲ್ಲಿ ನಿಲ್ಲಲ್ಲ” ಎಂದು ಹೇಳಿ ಹೋದ.

ನಿಲ್ಲಲಿಲ್ಲ. ಮೊದಮೊದಲು ಜನ ಕೈ ತೋರಿಸಿದರು, ಬಸ್ಸು ಹೋಯಿತು. ಆಮೇಲೆ ಊರು ತನ್ನ ಮರ್ಯಾದೆಗೆ ತಕ್ಕ ಉತ್ತರ ಕಂಡುಕೊಂಡಿತು. ಬಸ್ಸಿನ ಸದ್ದು ಕೇಳಿಸಿತೆಂದರೆ ರಸ್ತೆಯ ಬದಿಯಲ್ಲಿದ್ದವರೆಲ್ಲ ಅದಕ್ಕೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಮುದುಕರು, ಸೊಪ್ಪಿನ ಹೊರೆ ಹೊತ್ತ ಹೆಂಗಸರು, ಶಾಲೆ ಮಕ್ಕಳು, ಎಲ್ಲರೂ. ನಾನು ಮೊದಲ ಸಲ ಇದನ್ನು ನೋಡಿದಾಗ ಏನೋ ಶೋಕಾಚರಣೆಯೆಂದು ಭಾವಿಸಿ ನಾನೂ ತಿರುಗಿ ನಿಂತೆ. ಬಸ್ಸು ಹತ್ತಬೇಕಾದವರು ಕೆರೆ ಏರಿಯ ಮೇಲೆ ನಡೆದು ಪಕ್ಕದ ಊರಿನ ಗೇಟಿಗೆ ಹೋಗಿ ಹತ್ತುತ್ತಿದ್ದರು. ಹತ್ತಿದ ಮೇಲೆ, ತಮ್ಮ ಊರು ಬಂದಾಗ ಬಸ್ಸಿನೊಳಗಿನಿಂದ ತಮ್ಮವರ ಬೆನ್ನುಗಳನ್ನು ನೋಡುತ್ತ ಮುಂದೆ ಹೋಗುತ್ತಿದ್ದರು.

ಚುನಾವಣೆ ಬಂದಾಗಲೆಲ್ಲ ಊರು ಅಭ್ಯರ್ಥಿಗಳ ಮುಂದೆ ಬಸ್ಸಿನ ಮಾತೆತ್ತುತ್ತಿತ್ತು. ವಿಧಾನಸಭೆಗೆ ನಿಂತವರಿಗೆ ಅದು ತೀರ ಸಣ್ಣದಾಗಿ ಕಾಣುತ್ತಿತ್ತು. ಅವರು ಸೇತುವೆ ಕೊಡಲು ಸಿದ್ಧರಿದ್ದರು, ಆಸ್ಪತ್ರೆಯನ್ನೂ ಕೊಡುತ್ತಿದ್ದರು. ಓಡುತ್ತಿರುವ ಬಸ್ಸನ್ನು ನಿಲ್ಲಿಸಿ ಎಂದರೆ ತಮ್ಮ ದರ್ಜೆಗೆ ಒಪ್ಪದ ಕೆಲಸವೆಂಬಂತೆ ನಗುತ್ತಿದ್ದರು. ಜನ ಕೇಳುತ್ತಿದ್ದ ಉಳಿದ ಬೇಡಿಕೆಗಳೂ ಹೀಗೆಯೇ ಯಾವ ಭಾಷಣಕ್ಕೂ ಸೇರದಂಥವು. ಒಬ್ಬರಿಗೆ ಶಾಲೆಯ ಮೇಷ್ಟರು ವರ್ಗವಾಗಬೇಕಿತ್ತು. ಮೇಷ್ಟರು ಒಳ್ಳೆಯವರೇ, ಆದರೆ ದಾಯಾದಿಯ ಮನೆಯ ಜಗಲಿಯಲ್ಲಿ ಬಾಡಿಗೆಗಿದ್ದರು. ಇನ್ನೊಬ್ಬ ಮುದುಕರು ಪ್ರಚಾರದ ಜೀಪು ತಮ್ಮ ಕೋಳಿಗಳ ಹತ್ತಿರ ನಿಧಾನವಾಗಿ ಹೋಗಲಿ ಎಂದಷ್ಟೇ ಕೇಳಿಕೊಂಡರು. ಕೆರೆಯ ನೀರು ಹೇಗಿದೆಯೆಂದು ಕುಡಿದು ನೋಡಿ ಎಂದು ಒಬ್ಬಾಕೆ ಚೊಂಬು ಕೊಟ್ಟರೆ, ಅಭ್ಯರ್ಥಿಯೊಬ್ಬರು ಗಟಗಟನೆ ಕುಡಿದು ಚಪ್ಪಾಳೆ ಗಿಟ್ಟಿಸಿದರು. ಅನಂತರದ ಪ್ರಚಾರವನ್ನು ಅವರ ತಮ್ಮ ಮುಂದುವರಿಸಿದರು. ದೊಡ್ಡಮ್ಮ ಕೇಳುತ್ತಿದ್ದದ್ದು ಒಂದೇ: “ಗೆದ್ಮೇಲೂ ಒಂದ್ ಸಲ ಬಾರಪ್ಪ.” ಅವರಲ್ಲೊಬ್ಬರು ನಿಜಕ್ಕೂ ಮತ್ತೆ ಬಂದರೆಂದು ದೊಡ್ಡಮ್ಮ ನನಗೆ ತಿಳಿಸಿದರು. “ಬಂದವ್ನೆ ಕಣೋ. ಮುಂದಿನ್ ಓಟ್ ಕೇಳೋಕೆ.”

ಇಷ್ಟು ಕಾಲ ಬಸ್ಸು ಊರಿನ ಮರ್ಯಾದೆಯ ಪ್ರಶ್ನೆಯಾಗಿತ್ತು. ೧೯೮೬ರ ಕೊನೆಯ ಹೊತ್ತಿಗೆ ಅದು ಒಬ್ಬಳ ಬದುಕಿನ ಪ್ರಶ್ನೆಯಾಯಿತು. ದೊಡ್ಡಮ್ಮನ ಕೊನೆಯ ಮಗಳು ಶಾರದೆ ಎಸ್ಸೆಸ್ಸೆಲ್ಸಿಯ ಗಣಿತದೊಂದಿಗೆ ಹಲವು ಸಲ ಸೆಣಸಿ ಕಡೆಗೆ ಗೆದ್ದಿದ್ದಳು. ಕುಣಿಗಲ್ಲಿನಲ್ಲಿ ಟೈಪಿಂಗ್ ಕಲಿಯಬೇಕೆಂದು ಹಠ ಹಿಡಿದಳು. ಹೊಸ ಪಂಚಾಯಿತಿ ಕಚೇರಿಗಳು ಬರುತ್ತವೆ, ಟೈಪಿಸ್ಟುಗಳು ಬೇಕಾಗುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಕೀಲಿಗಳ ಚಿತ್ರ ಬರೆದುಕೊಂಡು, ಅದನ್ನು ಮೊರದ ಮೇಲೆ ಹಾಸಿ ಬೆರಳಾಡಿಸುತ್ತಿದ್ದಳು. ಸಂಕ್ರಾಂತಿಯಾದ ಮೇಲೆ ಹೊಸ ಬ್ಯಾಚು. ಆ ತಿಂಗಳೊಳಗೆ ಬಂದು ಸೇರದಿದ್ದರೆ ಜಾಗ ಬೇರೆಯವರಿಗೆ ಎಂದು ಟೈಪಿಂಗ್ ಮೇಷ್ಟರು ಹೇಳಿದ್ದರು. ಇತ್ತ ಮಾಗಡಿ ಕಡೆಯಿಂದ ಒಂದು ಸಂಬಂಧವೂ ಬಂದು ಉತ್ತರಕ್ಕೆ ಕಾದಿತ್ತು.

ದೊಡ್ಡಪ್ಪ ಹೆಚ್ಚು ಮಾತಿನವರಲ್ಲ. ಅವರ ತೀರ್ಪು ಒಂದೇ ವಾಕ್ಯದ್ದು: “ಬಸ್ಸು ನಮ್ಮೂರಲ್ಲಿ ನಿಂತ್ರೆ ಹೋಗ್ಲಿ, ಇಲ್ಲ ಅಂದ್ರೆ ಬುಡು.” ಸಂಜೆ ಮಬ್ಬಿನಲ್ಲಿ ಮಗಳು ಒಬ್ಬಳೇ ಕೆರೆ ಏರಿಯ ಮೇಲೆ ನಡೆದು ಬರುವುದು ಅವರಿಗೆ ಒಪ್ಪಿಗೆಯಿರಲಿಲ್ಲ. ದೊಡ್ಡಮ್ಮ ವಾದಿಸಿದರು, ಶಾರದೆ ಊಟ ಬಿಟ್ಟಳು, ನಾನು ಸ್ತ್ರೀಶಿಕ್ಷಣದ ಬಗ್ಗೆ ನಾಲ್ಕು ಮಾತಾಡಿದೆ. ನನ್ನ ಮಾತು ಮುಗಿಯುವ ಮೊದಲೇ ದೊಡ್ಡಪ್ಪ ತೋಟಕ್ಕೆ ಹೋಗಿದ್ದರು.

ಆ ಜನವರಿಯಲ್ಲೇ ಮಂಡಲ ಪಂಚಾಯಿತಿಗಳ ಚುನಾವಣೆ ಬಂದದ್ದು. ಮತದಾನದ ದಿನಾಂಕವನ್ನು ಇಲ್ಲಿ ಬರೆಯುವುದಿಲ್ಲ. ನನ್ನ ಬಳಿಯಿರುವ ಎರಡು ಟಿಪ್ಪಣಿಗಳು ಒಂದನ್ನೊಂದು ಒಪ್ಪುತ್ತಿಲ್ಲ. ಸಂಕ್ರಾಂತಿಯ ನಂತರವೆಂಬುದು ನನ್ನ ನೆನಪು. ಹೊಸ ಕಾಯಿದೆಯನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದ್ದೆ, ಮತ್ತು ಓದಿದವರು ಮಾಡುವಂತೆ ಅದನ್ನು ವಿವರಿಸಲು ಯಾರಾದರೂ ಸಿಗುತ್ತಾರೆಯೇ ಎಂದು ನೋಡುತ್ತಿದ್ದೆ. ಹಬ್ಬದ ಹಿಂದಿನ ದಿನ ದೊಡ್ಡಮ್ಮ ಎಳ್ಳು ಕೇರುತ್ತ ಕೂತಿದ್ದರು, ಎದ್ದು ಹೋಗುವಂತಿರಲಿಲ್ಲ. ಅಧಿಕಾರ ವಿಕೇಂದ್ರೀಕರಣ, ಜಿಲ್ಲಾ ಪರಿಷತ್ತು, ಮಂಡಲ, ಮಹಿಳಾ ಮೀಸಲು ಎಂದು ಸಾಂಗವಾಗಿ ಹೇಳಿದೆ.

ಅವರು ಮೊರ ಕೆಳಗಿಟ್ಟರು. “ಅಂದ್ರೆ ಇನ್ಮೇಲೆ ಯಾರ್ನ ಬೈಬೇಕು?”

“ಊರಿಂದ ಗೆದ್ದ ಸದಸ್ಯನನ್ನ.”

“ಹಂಗ್ ಹೇಳು ಮತ್ತೆ” ಎಂದು ಮೊರ ಎತ್ತಿಕೊಂಡರು. ಕಾಯಿದೆಯನ್ನು ಅಷ್ಟು ಚಿಕ್ಕದಾಗಿ ಸ್ವತಃ ಅದನ್ನು ಬರೆದವರೂ ಹೇಳಿರಲಾರರು.

ನಿಂತವರು ಇಬ್ಬರು. ಒಬ್ಬರು ಕುಣಿಗಲ್ಲಿನಲ್ಲಿ ವಾಸವಾಗಿದ್ದ ವಕೀಲರು. ಊರಿನಲ್ಲಿ ತೆಂಗಿನ ತೋಟವಿತ್ತು, ನಯವಾದ ಮನುಷ್ಯ, ನನಗೆ ಪರಿಚಿತರು. ಅವರ ಹತ್ತು ಅಂಶಗಳ ಪ್ರಣಾಳಿಕೆಯ ಭಾಷೆ ನನ್ನದು. ಇನ್ನೊಬ್ಬ ದೊಡ್ಡಮ್ಮನ ಮನೆಯಿಂದ ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಹಿಟ್ಟಿನ ಮಿಲ್ಲು ನಡೆಸುತ್ತಿದ್ದ ನಿಂಗಣ್ಣ. ಅವನಿಗೆ ಪ್ರಣಾಳಿಕೆ ಇರಲಿಲ್ಲ. ರೆಪ್ಪೆಯ ಮೇಲೆ ಸದಾ ಹಿಟ್ಟಿರುತ್ತಿತ್ತು.

ಸಂಕ್ರಾಂತಿಯಲ್ಲಿ ಎಳ್ಳು ಬೀರುವ ಪದ್ಧತಿಯಿಂದ ಪ್ರಚಾರಕ್ಕೆ ಎಷ್ಟು ತೊಡಕಾಗುತ್ತದೆಂಬುದನ್ನು ರಾಜ್ಯಶಾಸ್ತ್ರಜ್ಞರು ಗಮನಿಸಿದಂತೆ ಕಾಣುವುದಿಲ್ಲ. ಎಳ್ಳುಬೆಲ್ಲ ಕೊಟ್ಟವರೊಡನೆ ಆ ದಿನ ಒಳ್ಳೆಯ ಮಾತನ್ನೇ ಆಡಬೇಕು. ಎರಡೂ ಕಡೆಯ ಹೆಂಗಸರು ಮನೆಮನೆಗೆ ತಟ್ಟೆ ಹಿಡಿದು ಬಂದರು. ಎರಡೂ ಕಡೆಯವರಿಗೆ ಪ್ರತಿ ಮನೆಯೂ ಒಳ್ಳೆಯ ಮಾತನ್ನೇ ಆಡಿತು. ಆ ಸಂಜೆಯ ಹೊತ್ತಿಗೆ ಇಬ್ಬರು ಅಭ್ಯರ್ಥಿಗಳೂ ಊರಿನ ಅಷ್ಟೂ ಮತಗಳನ್ನು ಪಡೆದಿದ್ದರು.

ಮಧ್ಯಾಹ್ನ ವಕೀಲರು ಸ್ವತಃ ಬಂದು ಜಗಲಿಯಲ್ಲಿ ಕೂತರು. “ಅಮ್ಮಾ, ನಮ್ಮ ಪ್ರಣಾಳಿಕೆ ನೋಡಿದ್ರಾ?”

“ನೋಡ್ದೆ ವಕೀಲಪ್ಪ. ನಮ್ ಹುಡುಗ್ನೇ ಬರ್ಕೊಟ್ಟವ್ನಂತೆ. ಅಚ್ಚು ಬಾಳ ಚೆನ್ನಾಗೈತೆ.”

“ಬಸ್ಸಿನ ವಿಷಯ ಎಂಟನೇದ್ರಲ್ಲಿದೆ.”

ದೊಡ್ಡಮ್ಮ ಹಾಳೆಯನ್ನು ಶಾರದೆಗೆ ಕೊಟ್ಟರು. ಅವಳು ಓದಿದಳು: “ಸಾರಿಗೆ ಸೌಲಭ್ಯಗಳ ಸಮಗ್ರ ಪುನರ್‌ವಿಮರ್ಶೆ.”

“ಇದ್ರಲ್ ಬಸ್ಸೆಲ್ಲೈತೆ?”

“ಸಾರಿಗೆ ಅಂದ್ರೆ ಬಸ್ಸೇ ಕಣವ್ವ.”

“ಬಸ್ಸಿಗೆ ಬಸ್ಸು ಅನ್ನೋಕೆ ಇವ್ನಿಗೇನ್ ಕಷ್ಟ?” ಎಂದು ನನ್ನ ಕಡೆ ನೋಡಿದರು. ಹಬ್ಬದ ದಿನವಾದ್ದರಿಂದ ಅಷ್ಟಕ್ಕೇ ಬಿಟ್ಟರು.

ದೊಡ್ಡಪ್ಪ ಕಂಬಕ್ಕೆ ಒರಗಿ ಕೂತಿದ್ದವರು ಆಗ ಬಾಯಿಬಿಟ್ಟರು. “ಸ್ವಾಮಿ, ನಾಳೆ ನೀವು ಗೆದ್ರಿ ಅನ್ಕಳಾಣ. ಬಸ್ಸು ನಿಲ್ಲಿಲ್ಲ. ನಿಮ್ಮನ್ನ ಎಲ್ಲಿ ಬಂದು ಕೇಳ್ಬೇಕು?”

“ಕುಣಿಗಲ್‌ನಲ್ಲಿ ನನ್ನ ಆಫೀಸು ಯಾರನ್ನ ಕೇಳಿದ್ರೂ ತೋರಿಸ್ತಾರೆ.”

“ಕುಣಿಗಲ್ಗೆ ಹೆಂಗ್ ಬರಾದು?”

ವಕೀಲರು ನನ್ನನ್ನು ನೋಡಿದರು. ನಾನು ಜಂತೆಗಳನ್ನು ಪರಿಶೀಲಿಸಿದೆ, ಅವು ಭದ್ರವಾಗಿದ್ದವು.

ಅವರು ಹೋದ ಮೇಲೆ ದೊಡ್ಡಮ್ಮ ಹೇಳಿದರು: “ಒಳ್ಳೇವ್ನೇ ಕಣೋ, ಇಲ್ಲ ಅನ್ನಲ್ಲ. ಆದ್ರೆ ಅಷ್ಟ್ ದೂರದ್ ಒಳ್ಳೇವ್ನ ಇಟ್ಕಂಡು ನಾವೇನ್ ಮಾಡಾನ? ಬೈಯೋಕೂ ಸಿಗಲ್ಲ.”

ನಿಂಗಣ್ಣ ಬಂದದ್ದು ದನಗಳಿಗೆ ಕಿಚ್ಚು ಹಾಯಿಸಿದ ಮೇಲೆ. ಹೊಸ್ತಿಲಾಚೆಯೇ ದೊಡ್ಡಮ್ಮ ತಡೆದರು. “ಏನ್ಲಾ ನಿಂಗ, ಇವತ್ತ್ಯಾಕ್ ಬಂದೆ? ಇವತ್ತು ಬೈಯೋ ಹಂಗಿಲ್ಲ. ನಾಳೆ ಬಾ.”

“ಆಗ್ಲಕ್ಕ” ಎಂದು ಹೋದ. ಮರುದಿನ ಹೇಳಿದಂತೆ ಬಂದ. ಹೋದ ವಾರದ ರಾಗಿ ಹಿಟ್ಟು ತರಿಯಾಗಿದ್ದದ್ದು, ಮಿಲ್ಲಿನ ಸದ್ದಿಗೆ ಮಧ್ಯಾಹ್ನ ಕಣ್ಣು ಮುಚ್ಚಲಾಗದ್ದು, ಅವನ ಮೇಕೆ ಹಿತ್ತಲಿಗೆ ನುಗ್ಗಿದ್ದು, ಎಲ್ಲವನ್ನೂ ನಿಂತುಕೊಂಡೇ ಕೇಳಿದ. ನಡುನಡುವೆ “ಹೌದಾ? ನೋಡ್ತೀನಿ” ಎನ್ನುತ್ತಿದ್ದ. ದೊಡ್ಡಮ್ಮನಿಗೆ ದಣಿವಾದ ಮೇಲೆ ದೊಡ್ಡಪ್ಪ ಕೇಳಿದರು.

“ಬಸ್ ನಿಲ್ಸ್ತೀಯೇನ್ಲಾ?”

“ನಿಲ್ಸ್ತೀನಣ್ಣ.”

“ಯಾವತ್ತು?”

“ಓಟಿಗೆ ಮುಂಚೆ.”

“ನಿಲ್ಲಿಲ್ಲ ಅಂದ್ರೆ?”

“ನನ್ ಮನೆ ಎಲ್ಲೈತೆ ಅಂತ ನಿಮ್ಗೊತ್ತಲ್ಲ.”

ದೊಡ್ಡಪ್ಪ ತಲೆಯಾಡಿಸಿದರು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಶಾರದೆ ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮೊರದ ಮೇಲೆ ಬೆರಳುಗಳ ಸದ್ದು ಕೇಳಿಸಿತು.

ನಿಂಗಣ್ಣ ಮಿಲ್ಲಿಗೆ ಬೀಗ ಹಾಕಿ ತುಮಕೂರಿಗೆ ಹೋದ. ಅಮೃತೂರಿನ ಹತ್ತಿರ ನನಗೊಂದು ಕಲ್ಲು ನೋಡುವುದಿದ್ದದ್ದರಿಂದ ನಾನು ಊರಿನಲ್ಲೇ ಉಳಿದಿದ್ದೆ. ಮಾರನೆಯ ಸಂಜೆ ಅವನು ತೆಂಗಿನಕಾಯಿ ಲಾರಿಯಿಂದ ಒಂದು ತಗಡಿನ ಹಲಗೆಯ ಸಮೇತ ಇಳಿದ. ಹೇಗೆ ಸಾಧಿಸಿದೆ ಎಂದು ಎಲ್ಲರೂ ಕೇಳಿದರೆ, “ಯಜಮಾನ್ರತ್ರ ಮಾತಾಡ್ದೆ” ಎಂದಷ್ಟೇ ಹೇಳಿದ. ಮನೆಯಲ್ಲಿದ್ದ ಕೆಂಪು ಬಣ್ಣದಲ್ಲಿ ತನ್ನ ಹೆಸರನ್ನು ತಾನೇ ಬರೆದು ಅರಳಿಕಟ್ಟೆಯ ಎದುರಿಗೆ ಹಲಗೆ ನೆಟ್ಟ. ಚುನಾವಣಾ ನಿಯಮಗಳಿಗೆ ಇದು ಒಪ್ಪುತ್ತದೆಯೇ ಎಂದು ನಾನು ಕೇಳಬಹುದಾಗಿತ್ತು. ಯಾರೂ ನನ್ನನ್ನು ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಇಡೀ ಊರು ರಸ್ತೆಯ ಬದಿಯಲ್ಲಿತ್ತು. ಬಸ್ಸಿನ ಸದ್ದು ಕೇಳಿಸಿತು. ರೂಢಿಯಂತೆ ಕೆಲವರು ತಿರುಗತೊಡಗಿದರು. “ಲೇ, ಈ ಕಡೆ ತಿರುಗ್ರೋ” ಎಂದು ದೊಡ್ಡಮ್ಮ ಗದರಿಸಿದರು. ಅಷ್ಟೂ ಮುಖಗಳು ಒಟ್ಟಿಗೆ ಬಸ್ಸನ್ನು ನೋಡಿದವು. ನಿಂಗಣ್ಣ ಹಲಗೆಯ ಪಕ್ಕದಲ್ಲಿ ನಿಂತು ಕೈ ತೋರಿಸಿದ. ಬಸ್ಸು ಸ್ವಲ್ಪ ಮುಂದಕ್ಕೆ ಹೋಗಿ, ನಿಂತಿತು.

ಕಂಡಕ್ಟರ್ ತಲೆ ಹೊರಹಾಕಿದ. “ಯಾರ್ರೀ ಹತ್ತೋರು?”

ಯಾರೂ ಅಲುಗಲಿಲ್ಲ. ಯಾರಿಗೂ ಎಲ್ಲಿಗೂ ಹೋಗುವುದಿರಲಿಲ್ಲ.

“ಮತ್ಯಾಕ್ರೀ ನಿಲ್ಸಿದ್ರಿ?”

“ನಿಲ್ಲುತ್ತಾ ಅಂತ ನೋಡೋಕೆ” ಎಂದ ನಿಂಗಣ್ಣ.

ಕಂಡಕ್ಟರ್ ಸೀಟಿ ಬಾಯಿಗಿಟ್ಟುಕೊಂಡ. ಆಗ ದೊಡ್ಡಮ್ಮ ಮಗಳ ಬೆನ್ನಿಗೆ ಕೈಹಚ್ಚಿ ಮುಂದೆ ತಳ್ಳಿದರು. “ಹತ್ತೇ.”

“ಅವ್ವ, ಚಪ್ಲಿ ಹಾಕಿಲ್ಲ.”

“ಟೈಪ್ ಹೊಡೆಯೋದು ಕಾಲಲ್ಲೇನೇ? ಹತ್ತು ಅಂದ್ರೆ.”

ಶಾರದೆ ತಂದೆಯ ಮುಖ ನೋಡಿದಳು. ದೊಡ್ಡಪ್ಪ ಹೆಗಲ ಮೇಲಿನ ಟವೆಲನ್ನು ಕೊಡವಿ ಮತ್ತೆ ಹಾಕಿಕೊಂಡು, ತಾವೇ ಮೊದಲು ಬಸ್ಸು ಹತ್ತಿದರು. ಹಿಂದೆ ಅವಳು. ಸಂಜೆ ಇಬ್ಬರೂ ಅರಳಿಕಟ್ಟೆಯೆದುರೇ ಇಳಿದರು. ಶಾರದೆಯ ಕಾಲಲ್ಲಿ ಹೊಸ ಚಪ್ಪಲಿ ಇತ್ತು. “ಸೇರ್ಸ್ ಬಂದೆ” ಎಂದು ದೊಡ್ಡಪ್ಪ ಕೈಕಾಲು ತೊಳೆಯಲು ಹೋದರು. ಮಾಗಡಿಯವರಿಗೆ ಆ ವಾರವೇ ಉತ್ತರ ಹೋಯಿತು.

ನಿಂಗಣ್ಣ ಗೆದ್ದ. ವಕೀಲರು ಸೋಲನ್ನು ಸಭ್ಯವಾಗಿ ಸ್ವೀಕರಿಸಿದರು. ಒಂದು ಸಂಜೆ ಮಾತ್ರ, “ಎಂಟನೇದ್ರಲ್ಲಿ ಬಸ್ಸು ಅಂತಲೇ ಬರೆದಿದ್ರೆ ಹೇಗಿರ್ತಿತ್ತು?” ಎಂದು ನನ್ನನ್ನು ಕೇಳಿದರು. ಶೈಲಿಯ ದೃಷ್ಟಿಯಿಂದ ಕಷ್ಟವಿತ್ತು ಎಂದೆ.

ಅನಂತರದ ವರ್ಷಗಳಲ್ಲಿ ಮಿಲ್ಲೇ ಸರ್ಕಾರವಾಯಿತು. ಜನ ರಾಗಿ ಹೊತ್ತು ಬರುತ್ತಿದ್ದರು, ಹಿಟ್ಟಾಗುವವರೆಗೆ ಸದಸ್ಯನನ್ನು ಬೈದು, ಹಿಟ್ಟು ಹೊತ್ತು ಹೋಗುತ್ತಿದ್ದರು. ಅವನ ವ್ಯಾಪ್ತಿಗೆ ಬಾರದ ವಿಷಯಗಳೇ ಹೆಚ್ಚು: ಸೀಮೆಎಣ್ಣೆಯ ಬೆಲೆ, ಮಳೆ, ಕರೆಂಟು. ಕರೆಂಟು ಹೋದರೆ ಅವನ ಮಿಲ್ಲೂ ನಿಲ್ಲುತ್ತಿತ್ತು, ಆದರೂ ಬೈಗುಳ ಅವನಿಗೇ. ಬಸ್ಸು ಎಂದಾದರೂ ತಡವಾದರೆ ಮೊದಲು ಅವನ ಬಾಗಿಲಿಗೆ ಹೋಗುತ್ತಿದ್ದರು. “ಹೌದಾ? ನೋಡ್ತೀನಿ” ಎನ್ನುತ್ತಿದ್ದ, ಕೆಲವೊಮ್ಮೆ ನಿಜವಾಗಿಯೂ ನೋಡುತ್ತಿದ್ದ. ನಾನು ಇದನ್ನೆಲ್ಲ ಸೇರಿಸಿ, ಅಧಿಕಾರವನ್ನು ಕೆಳಕ್ಕಿಳಿಸಿದರೆ ಏನಾಗುತ್ತದೆಂಬುದರ ಮೇಲೆ ಪ್ರಬಂಧವೊಂದನ್ನು ಬರೆದೆ. ವರ್ಷಗಟ್ಟಲೆ ನಿಲ್ಲದ ಬಸ್ಸೊಂದು ಸ್ಥಳೀಯ ಪ್ರತಿನಿಧಿಯ ಪ್ರಯತ್ನದಿಂದ ನಿಂತ ಪ್ರಸಂಗ ಅದರ ಮುಖ್ಯ ಉದಾಹರಣೆ. ಪ್ರಬಂಧ ಅಚ್ಚಾಯಿತು, ಒಂದೆರಡು ಕಡೆ ಯಾರೋ ಉಲ್ಲೇಖಿಸಿಯೂ ಇದ್ದಾರೆ.

ಈಗ ಹಲಗೆಗೆ ಬರುತ್ತೇನೆ. ಮನೆಗೆ ತಂದವನು ಸೀಮೆಎಣ್ಣೆ ಬಟ್ಟೆಯಿಂದ ತಾಳ್ಮೆಯಾಗಿ ಉಜ್ಜಿದೆ. ಬಲಭಾಗದ ಕೆಳಮೂಲೆಯಲ್ಲಿ, ಬೋರ್ಡು ಬರೆಯುವವರು ತಮ್ಮ ಗುರುತು ಹಾಕುವ ಜಾಗದಲ್ಲಿ, ಸಣ್ಣ ಅಕ್ಷರಗಳು ಎದ್ದುಬಂದವು: ‘ಗುಬ್ಬಿ, ೮೪’. ಅದು ಅಂಗಡಿಯ ನಂಬರಿರಬಹುದೇ ಎಂದು ಯೋಚಿಸಿದೆ. ಗುಬ್ಬಿಯ ಅದೇ ಕೈಯಿಂದ ಬರೆದ ಹಳೆಯ ಹಲಗೆಯೊಂದು ಅಲ್ಲಿನ ಸೋಡಾ ಅಂಗಡಿಯ ಮೇಲೆ ಇನ್ನೂ ಇದೆ; ಹೋಗಿ ನೋಡಿ ಬಂದೆ. ಅದೇ ನೆರಳಿನ ಅಕ್ಷರ, ಅದೇ ಮೂಲೆ, ಅಂಕಿ ಮಾತ್ರ ೭೯. ಅಂದಮೇಲೆ ಅದು ಇಸವಿ. ಕೆಂಪು ಸಾಲಿನ ಬಣ್ಣ ಮೂಲ ಬಣ್ಣದ ಮೇಲೆ ಕೂತಿರುವುದರಿಂದ ನಿಂಗಣ್ಣನ ಹೆಸರು ಆಮೇಲಿನ ಸೇರ್ಪಡೆ.

ಶಾರದೆಗೆ ಫೋನು ಮಾಡಿದೆ. ಆಕೆ ತುಮಕೂರಿನ ಒಂದು ಕಚೇರಿಯಲ್ಲಿ ಟೈಪಿಸ್ಟಾಗಿ ಸೇರಿ, ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾಗಿ, ಈಗ ಇಲ್ಲೇ ನಗರದ ಇನ್ನೊಂದು ತುದಿಯಲ್ಲಿದ್ದಾಳೆ. ಅಂದೇ ಸಂಜೆ ಬಂದಳು. ಹಲಗೆಯ ಮುಂದೆ ಕುರ್ಚಿ ಎಳೆದುಕೊಂಡು ಕೂತು, ‘ನಿಂಗಣ್ಣ’ನ ಮೇಲೆ ಬೆರಳಾಡಿಸಿದಳು. ನಾನು ‘೮೪’ನ್ನು ತೋರಿಸಿದೆ, ಸೋಡಾ ಅಂಗಡಿಯ ವಾದವನ್ನೂ ಮಂಡಿಸಿದೆ.

“ಇದಕ್ಕೋಸ್ಕರ ಗುಬ್ಬಿವರ್ಗೂ ಹೋಗಿದ್ಯಾ ಅಣ್ಣಯ್ಯ? ನನ್ನ ಕೇಳಿದ್ರೆ ಹೇಳ್ತಿದ್ನಲ್ಲ.”

“ನಿನಗೆ ಗೊತ್ತಿತ್ತೇ?”

“ಮೊದಲ್ನೇ ದಿನಾನೇ. ಟಿಕೆಟ್ ಕೊಡ್ತಾ ಕಂಡಕ್ಟರ್ರೇ ಹೇಳಿದ್ರು. ಯಜಮಾನ್ರ ಕೋಪ ಯಾವತ್ತೋ ಇಳಿದಿತ್ತಂತೆ. ಬೋರ್ಡ್ ಬರೆಸಿ ಶೆಡ್ಡಲ್ಲಿಟ್ಟು, ಊರೋರು ಬಂದು ಕೇಳ್ಲಿ ಅಂತ ಕಾಯ್ತಿದ್ರಂತೆ. ಅಲ್ಲೀವರ್ಗೂ ಯಾರಾದ್ರೂ ಕೈ ತೋರ್ಸಿದ್ರೆ ನಿಲ್ಸಿ ಅಂತ ಡ್ರೈವರ್‌ಗೂ ಹೇಳಿದ್ರು. ‘ನಾವೇನ್ಮಾಡೋದಮ್ಮ, ನಿಮ್ಮೂರೋರು ಬೆನ್ ತೋರ್ಸ್ತಾರೆ, ಬೆನ್ನಿಗೆ ಬಸ್ ನಿಲ್ಸೋಕಾಗ್ತದಾ?’ ಅಂದ್ರು.”

“ದೊಡ್ಡಪ್ಪ ಕೇಳಿಸಿಕೊಂಡರೇ?”

“ಪಕ್ಕದಲ್ಲೇ ಕೂತಿದ್ರಲ್ಲ.”

“ಏನಂದ್ರು?”

“ಕುಣಿಗಲ್ ಬರೋವರ್ಗೂ ಒಂದ್ ಮಾತಾಡ್ಲಿಲ್ಲ. ನಂಗೆ ಭಯ, ಇನ್ನು ವಾಪಸ್ ಕರ್ಕೊಂಡೋಗ್ತಾರೆ ಅಂತ. ಇಳಿಯುವಾಗ ಹೇಳಿದ್ರು, ‘ಊರಲ್ಲಿ ಇದ್ನ ಹೇಳ್ಬೇಡ ಕಣಮ್ಮ. ತಾನಾಗೇ ನಿಂತಿದ್ದು ಅಂದ್ರೆ ತಾನಾಗೇ ನಿಲ್ದೇನೂ ಹೋಗ್ಬೋದು, ಆಗ ಯಾರ್ನ ಕೇಳ್ತೀಯ? ನಿಂಗ ನಿಲ್ಸಿದ್ದು ಅಂತ್ಲೇ ಇರ್ಲಿ, ನಿಂಗನ್ನ ಕೇಳ್ಬೋದು.’ ಆಮೇಲೆ ಬಜಾರಲ್ಲಿ ಚಪ್ಲಿ ಕೊಡ್ಸಿದ್ರು.”

“ದೊಡ್ಡಮ್ಮನಿಗೆ?”

“ಅವ್ವಂಗೆ ಹೇಳಿದ್ರೆ ಊರಿಗೆ ಹೇಳ್ದಂಗೇ ಅಲ್ವಾ.” ಎದ್ದು ನಿಂತು ಸೆರಗು ಸರಿಮಾಡಿಕೊಂಡಳು. “ನಿಂಗಣ್ಣ ಇದಾನೆ ಅಣ್ಣಯ್ಯ, ಇನ್ನೂ. ಮಿಲ್ ಮುಚ್ಚಿ ಎಷ್ಟ್ ವರ್ಷ ಆಯ್ತೋ. ಮೆಂಬರ್ಗಿರಿ ಅಂತೂ ಯಾವತ್ತೋ ಹೋಯ್ತು. ಈಗ್ಲೂ ಬಸ್ ಲೇಟಾದ್ರೆ ಅವ್ನ್ ಜಗಲೀಗೇ ಹೋಗಿ ಕೂಗಾಡ್ತಾರೆ. ಅವ್ನೂ ‘ನೋಡ್ತೀನಿ’ ಅಂತಾನೆ. ನೀನ್ ಏನಾದ್ರೂ ಬರೆಯೋ ಹಂಗಿದ್ರೆ ನೋಡ್ಕೊಂಡ್ ಬರಿ.”

ಅಚ್ಚಾದ ಪ್ರಬಂಧದಲ್ಲಿ ತಪ್ಪು ಕಂಡುಬಂದರೆ ತಿದ್ದುಪಡಿ ಕಳುಹಿಸುವುದು ನಮ್ಮ ವೃತ್ತಿಯ ಕ್ರಮ. ಆ ರಾತ್ರಿಯೇ ನಾಲ್ಕು ಸಾಲು ಬರೆದೆ. ಲಕೋಟೆಗೆ ವಿಳಾಸವನ್ನೂ ಬರೆದೆ. ಬೆಳಿಗ್ಗೆ ಅಂಚೆಗೆ ಹಾಕಲೆಂದು ಹೊರಟವನು ಶಿರಾ ಗೇಟಿನವರೆಗೆ ಹೋಗಿ ಹಿಂದಿರುಗಿದೆ. ಇಷ್ಟು ವರ್ಷ ಕಲ್ಲುಗಳನ್ನು ಓದುವಾಗ, ಕೊಟ್ಟವನ ಹೆಸರು ಕಂಡರೆ ಅದು ಹೊಗಳಿಕೆಗೆಂದು ನಂಬಿಕೊಂಡಿದ್ದೆ. ಕೆರೆ ಒಡೆದ ದಿನ ಯಾರ ಬಾಗಿಲಿಗೆ ಹೋಗಬೇಕೆಂದು ಗೊತ್ತಿರಲಿ ಎಂದೂ ಊರಿನವರು ಹೆಸರು ಕೆತ್ತಿಸಿರಬಹುದು. ಹಾಗೆ ನೋಡಿದರೆ ಕೆಲವು ಕಲ್ಲುಗಳನ್ನು ಮೂರನೆಯ ಸಲ ಓದಬೇಕಾಗುತ್ತದೆ.

ಹಲಗೆ ನನ್ನ ಓದುವ ಕೋಣೆಯಲ್ಲಿದೆ. ಮನೆಯಲ್ಲಿ ಬೈದಾಯಿತು. ದಾಖಲೆಗಾಗಿ ಇಷ್ಟು: ನಿಂಗಣ್ಣ ಬಸ್ಸು ನಿಲ್ಲಿಸಿದ್ದು ೧೯೮೭ರ ಜನವರಿಯಲ್ಲಿ, ಸಂಕ್ರಾಂತಿ ಕಳೆದ ಮೇಲೆ, ಇದಕ್ಕೆ ಇಡೀ ಊರು ಸಾಕ್ಷಿ, ನಾನೂ ಅಲ್ಲಿದ್ದೆ. ಹಲಗೆಯ ಕೆಳಮೂಲೆಯಲ್ಲಿ ಬರೆದಿರುವುದು ೮೪.